ಬಣ್ಣದ ವೇಷ: ಕೈಬಿಟ್ಟ ರೂಪ, ತಿದ್ದಿದ ರೂಪ

ಕಲೆಯ ಇತಿಹಾಸವನ್ನು ಬರೆಯುವವರು ಉಳಿದುಬಂದ ರೂಪಗಳನ್ನೇ ವಿವೇಚಿಸುವುದು ವಾಡಿಕೆ. ಕೈಬಿಟ್ಟ ರೂಪಗಳಿಗೂ ಆ ಇತಿಹಾಸದಲ್ಲಿ ಸ್ಥಾನವುಂಟೆಂಬುದನ್ನು ಈಚೆಗೆ ಸ್ಪಷ್ಟವಾಗಿ ತೋರಿಸಿಕೊಟ್ಟುದು ವಿಡಿಯೋ ಆಟಗಳ ಕ್ಷೇತ್ರ. ಜಪಾನಿನ 'ಪೋಕೆಮಾನ್' ಆಟದ ಎರಡನೆಯ ಶ್ರೇಣಿ 1999ರಲ್ಲಿ ಹೊರಬಂದಿತು. ಅದಕ್ಕೆಂದು 1997ರಲ್ಲಿ ಸಿದ್ಧಪಡಿಸಿದ್ದ ಮಾದರಿಯೊಂದು 2018ರಲ್ಲಿ ಬಯಲಿಗೆ ಬಂದಾಗ, ಕೈಬಿಟ್ಟ ಹಾಗೂ ತಿದ್ದಿದ ಅನೇಕ ಪ್ರಾಣಿಗಳು ಅದರಲ್ಲಿ ಕಂಡುಬಂದುವು. ಎಲೆಯ ಗುಣವುಳ್ಳ ಒಂದು ಪ್ರಾಣಿಯ ಕಲ್ಪನೆಯಂತೂ 2006ರ ಆಟದಲ್ಲಿ 'ಲೀಫಿಯನ್' ಎಂಬ ಬೇರೊಂದು ರೂಪದಿಂದ ಮರಳಿತು. ಯಂತ್ರದಲ್ಲಿ ಉಳಿದಿದ್ದುದರಿಂದಲೇ ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡುವುದು ಸಾಧ್ಯವಾಯಿತು.

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಬಡಗುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸರನ್ನು ನಿರ್ಮಿಸುವ ಬಣ್ಣದ ವೇಷಕ್ಕೆ ಈ ಸೌಕರ್ಯವಿಲ್ಲ. ಅಕ್ಕಿಹಿಟ್ಟು, ಸುಣ್ಣಗಳ ಕಣಕದಿಂದ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಚುಟ್ಟಿಗೆ ತಾಸುಗಟ್ಟಲೆ ಹಿಡಿಯುತ್ತದೆ. ಬೆಳಗಾದರೆ ಅದನ್ನು ತೊಳೆದುಬಿಡುತ್ತಾರೆ. ಒಬ್ಬ ವೇಷಧಾರಿ ಒಂದು ರೇಖೆಯನ್ನು ಬಿಟ್ಟರೆ, ಆ ಬಿಟ್ಟ ರೇಖೆಗೆ ಕರಡು ಪ್ರತಿಯೆಂಬುದಿಲ್ಲ.

ರೂಪವು ಏಕೆ ಬದಲಾಗುತ್ತದೆ? ಅಭಿರುಚಿ ಕೆಟ್ಟಿತೆಂದು ಹೇಳಿ ಮುಗಿಸುವುದು ಸುಲಭವಾದರೂ ಸಾಲದು. ಮೊದಲ ಗೇಮ್ ಬಾಯ್ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು, ನಾಲ್ಕೇ ಛಾಯೆಗಳು. ಅಲ್ಲಿನ ಪ್ರಾಣಿಗಳ ಆಕಾರ ಈ ಮಿತಿಗೆ ಒಳಪಟ್ಟೇ ಹುಟ್ಟಬೇಕಿತ್ತು. ಬಣ್ಣದ ವೇಷಕ್ಕೂ ಅಂಥ ಮಿತಿಗಳಿದ್ದುವು: ದೀವಟಿಗೆಯ ಅಲುಗುವ ಬೆಳಕು, ಬಯಲಿನ ದೂರ, ಇಡೀ ರಾತ್ರಿಯ ಅವಧಿ. ಉಬ್ಬಿದ ಬಿಳಿಯ ಚುಟ್ಟಿ ಅಲುಗುವ ಬೆಳಕನ್ನು ಹಿಡಿದು ಮುಖಕ್ಕೆ ಚಲನೆ ಕೊಡುತ್ತದೆ. ಎಲ್ಲೆಡೆಯೂ ಸಮನಾಗಿ ಬೀಳುವ ವಿದ್ಯುದ್ದೀಪದಲ್ಲಿ ಅದೇ ಚುಟ್ಟಿ ನಿಶ್ಚಲವಾಗಿ ತೋರುತ್ತದೆ. ತೆರೆಯ ಹಿಂದಿನಿಂದ ಅಬ್ಬರಿಸುತ್ತ, ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುವ ರಾಕ್ಷಸನಿಗೆ ಕಾಲಮಿತಿಯ ಪ್ರದರ್ಶನದಲ್ಲಿ ಅವಕಾಶವೂ ಕಿರಿದು. ತಾಸುಗಟ್ಟಲೆ ಬರೆದ ಮುಖವನ್ನು ಕೆಲವೇ ನಿಮಿಷ ತೋರಿಸಬೇಕಾದಲ್ಲಿ, ವೇಷಧಾರಿಯು ರೇಖೆಗಳನ್ನು ಕಡಿಮೆ ಮಾಡಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಈ ದೃಷ್ಟಿಯಿಂದ, ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ (1902–1997) ಪ್ರಯೋಗಗಳನ್ನು ಮತ್ತೆ ಪರಿಶೀಲಿಸುವುದು ಉಚಿತ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಯಕ್ಷಗಾನ ಬಯಲಾಟ'ದ ಕರ್ತೃವಾದ ಅವರು ಹಳೆಯ ವೇಷಗಳನ್ನು ಆದರದಿಂದ ಅಭ್ಯಸಿಸಿದರು. ಆದರೆ ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬಹುಮಟ್ಟಿಗೆ ಬಿಟ್ಟರು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿದರು, ಅವಧಿಯನ್ನು ಕುಗ್ಗಿಸಿದರು. ಮುಖದ ಬರವಣಿಗೆಯ ಮಟ್ಟಿಗೆ ಅವರ ಶ್ರದ್ಧೆ ನಿರ್ವಿವಾದ. ಆದರೂ ರಾಕ್ಷಸನೆಂದರೆ ಮುಖವಷ್ಟೇ ಅಲ್ಲ. ಅವನು ಬರುವ ಹೊತ್ತು, ತೆರೆಯ ಹಿಂದಿನ ವಿಳಂಬ, ಬೆಳಕು, ಇವೂ ಅವನ ಶರೀರವೇ. ಮುಖವನ್ನು ಉಳಿಸಿ ವಿಳಂಬವನ್ನು ತೆಗೆದರೆ ಉಳಿಯುವುದು ತಿದ್ದಿದ ರೂಪವೇ ಹೊರತು ಹಳೆಯ ರೂಪವಲ್ಲ. ಇದು ದೂಷಣೆಯಲ್ಲ, ಸಂರಕ್ಷಣೆಯನ್ನೂ ಪುನಾರಚನೆಯನ್ನೂ ಒಂದೇ ಹೆಸರಿನಿಂದ ಕರೆಯಬಾರದೆಂಬುದಷ್ಟೇ ನಮ್ಮ ಅಭಿಪ್ರಾಯ.

ಹಾಗಾದರೆ ಹಳೆಯ ರೂಪಕ್ಕೆ ಆಧಾರವೆಲ್ಲಿ? ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನಲ್ಲಿ ಕಾಮತ ಮನೆತನದವರು ನಡೆಸಿಕೊಂಡು ಬಂದ ಸೂತ್ರದ ಗೊಂಬೆಗಳು ಬಡಗುತಿಟ್ಟಿನ ವೇಷಭೂಷಣಗಳನ್ನೇ ಧರಿಸಿವೆ. ಮರದ ಮುಖದ ಬಣ್ಣವನ್ನು ಬೆಳಿಗ್ಗೆ ತೊಳೆಯುವಂತಿಲ್ಲವಾದುದರಿಂದ ಅವು ಒಂದು ಬಗೆಯ ದಾಖಲೆ. ಆದರೆ ಗೊಂಬೆಯನ್ನು ಪೂರ್ಣ ಸಾಕ್ಷಿಯಾಗಿ ಸ್ವೀಕರಿಸುವಂತಿಲ್ಲ: ಕಿರಿದಾದ ಮರದ ಮುಖಕ್ಕೆ ಒಗ್ಗುವಂತೆ ರೇಖೆಗಳನ್ನು ಸಂಕ್ಷೇಪಿಸಲೇಬೇಕಾಗುತ್ತದೆ, ಬಣ್ಣವನ್ನು ಮತ್ತೆ ಹಚ್ಚುವುದೂ ಉಂಟು.

ಆದುದರಿಂದ ವೇಷವು ಪೂರ್ಣಗೊಂಡ ಮೇಲೆ ತೆಗೆದ ಛಾಯಾಚಿತ್ರವೊಂದರಿಂದ ಸಂಶೋಧಕನು ತೃಪ್ತನಾಗಲಾಗದು. ಚುಟ್ಟಿಯ ಕ್ರಮವನ್ನೂ, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಅವಧಿಗೆ ವೇಷ ರಂಗದ ಮೇಲಿತ್ತೆಂಬುದನ್ನೂ, ವೇಷಧಾರಿ ಏನನ್ನು ಬಿಟ್ಟನು, ಏಕೆ ಬಿಟ್ಟನೆಂಬುದನ್ನೂ ಚೌಕಿಯಲ್ಲಿಯೇ ಕುಳಿತು ಬರೆದುಕೊಳ್ಳಬೇಕು. ಆಟದ ಯಂತ್ರವು ತಾನಾಗಿ ಉಳಿಸಿಕೊಟ್ಟುದನ್ನು ಇಲ್ಲಿ ನಾವು ಕೇಳಿ ಪಡೆಯಬೇಕಾಗಿದೆ. ಹೇಳಬಲ್ಲ ಹಿರಿಯ ವೇಷಧಾರಿಗಳು ಇರುವಾಗಲೇ ಈ ಕಾರ್ಯ ನಡೆಯತಕ್ಕದ್ದು.