ಕುರೊಸಾವಾ ಮೆಚ್ಚಿದ ನೋಟ್‌ಬುಕ್

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1998ರಲ್ಲಿ ತೀರಿಕೊಂಡರು. ಅವರು ಮೆಚ್ಚಿದ ನೂರು ಚಿತ್ರಗಳ ಪಟ್ಟಿ ಮರುವರ್ಷ ಪುಸ್ತಕವೊಂದರಲ್ಲಿ ಅಚ್ಚಾಯಿತು. ಒಬ್ಬ ನಿರ್ದೇಶಕನಿಗೆ ಒಂದೇ ಚಿತ್ರ ಎಂಬುದು ಅವರು ಹಾಕಿಕೊಂಡ ನಿಯಮ. ಅದರಲ್ಲಿ ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ' ಇದೆ, ಡಿ ಸಿಕಾರ 'ಬೈಸಿಕಲ್ ಥೀವ್ಸ್' ಇದೆ. ಊರನ್ನೇ ತುಳಿದುಹಾಕುವ 'ಗಾಡ್ಜಿಲಾ' ಕೂಡ ಇದೆ! ಅದರ ನಿರ್ದೇಶಕ ಇಶಿರೊ ಹೊಂಡಾ ಕುರೊಸಾವಾರ ಹಳೆಯ ಸ್ನೇಹಿತ. ಸ್ವಲ್ಪ ದಾಕ್ಷಿಣ್ಯವೂ ಇದ್ದಿರಬಹುದು, ಇರಲಿ. ಕಲಾತ್ಮಕ, ಕಮರ್ಷಿಯಲ್ ಎಂದು ಎರಡು ಪಂಕ್ತಿ ಹಾಕಿ ಬಡಿಸುವ ನಮ್ಮ ವಿಮರ್ಶಕರಿಗೆ ಈ ಪಟ್ಟಿ ಸುಲಭಕ್ಕೆ ಅರಗದು.

ನಮ್ಮನ್ನು ತಡೆದು ನಿಲ್ಲಿಸುವುದು ಅದರಲ್ಲಿರುವ ಇರಾನಿನ ಚಿತ್ರ. ಅಬ್ಬಾಸ್ ಕಿಯರೊಸ್ತಮಿ 1987ರಲ್ಲಿ ತೆಗೆದ ಈ ಚಿತ್ರದ ಹೆಸರನ್ನು ಕನ್ನಡದಲ್ಲಿ 'ಗೆಳೆಯನ ಮನೆ ಎಲ್ಲಿದೆ?' ಎನ್ನಬಹುದು. ಮೂಲ ಫಾರಸಿ ಹೆಸರಿನಲ್ಲಿರುವ 'ದೂಸ್ತ್' ನಮ್ಮ ದೋಸ್ತನೇ. ಅಹ್ಮದ್ ಎಂಬ ಹುಡುಗ ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿದ್ದಾನೆ. ಇನ್ನೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯದೆ ಬಂದರೆ ಶಾಲೆಯಿಂದ ಹೊರಗೆ ಎಂದು ಮೇಷ್ಟ್ರು ಗೆಳೆಯನನ್ನು ಗದರಿಸಿದ್ದಾರೆ. ಗೆಳೆಯನ ಊರು ಗುಡ್ಡದಾಚೆ. ಅಮ್ಮನಿಗೆ ಎಷ್ಟು ಹೇಳಿದರೂ ಕಿವಿಗೆ ಬೀಳದು. ಹೋಂವರ್ಕ್ ಮಾಡು, ರೊಟ್ಟಿ ತಾ, ಇಷ್ಟೇ. ಜೇಬಿನಲ್ಲಿ ಸಿಗರೇಟಿದ್ದರೂ ಅಜ್ಜ ಅದನ್ನೇ ತರಲು ಹುಡುಗನನ್ನು ಓಡಿಸುತ್ತಾನೆ, ಹೇಳಿದ ಮಾತು ಕೇಳುವುದನ್ನು ಕಲಿಯಲಿ ಎಂದು. ಮಕ್ಕಳನ್ನು ಬೆಳೆಸುವುದೆಂದರೆ ಬಗ್ಗಿಸುವುದು ಎಂದು ನಂಬಿದ ಅಜ್ಜಂದಿರು ಇರಾನಿನಲ್ಲಷ್ಟೇ ಇಲ್ಲ.

ಸಮುರಾಯ್ ಕತ್ತಿಗಳ ನಿರ್ದೇಶಕನಿಗೆ ಇಷ್ಟು ಸಣ್ಣ ಕಥೆ ಯಾಕೆ ಹಿಡಿಸಿತು? ಉತ್ತರ ಅವರದೇ 'ಇಕಿರು' ಚಿತ್ರದಲ್ಲಿದೆ ಎಂದು ನಮಗನ್ನಿಸುತ್ತದೆ. 1952ರ ಆ ಚಿತ್ರದಲ್ಲಿ ಕ್ಯಾನ್ಸರ್ ಬಂದ ನಗರಸಭೆ ನೌಕರನೊಬ್ಬ ಮಕ್ಕಳಿಗೊಂದು ಆಟದ ಬಯಲು ಮಾಡಿಸಲು ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಅಹ್ಮದ್ ಬಾಗಿಲಿನಿಂದ ಬಾಗಿಲಿಗೆ ಅಲೆಯುತ್ತಾನೆ. ಯಾರೂ ಕೇಳಿಸಿಕೊಳ್ಳದಿದ್ದರೂ ಇಬ್ಬರೂ ಹಿಂತಿರುಗುವವರಲ್ಲ. ಕುರೊಸಾವಾ ಇಲ್ಲಿ ತಮ್ಮ ಮುದುಕನನ್ನೇ ಹುಡುಗನಾಗಿ ಕಂಡಿರಬೇಕು.

ಚಿತ್ರ ಬಂದಾಗ ಇರಾನ್-ಇರಾಕ್ ಯುದ್ಧ ಇನ್ನೂ ಮುಗಿದಿರಲಿಲ್ಲ. ಆ ದೇಶವೆಂದರೆ ಪತ್ರಿಕೆಗಳಲ್ಲಿ ಘೋಷಣೆ ಕೂಗುವ ಗುಂಪು ಮಾತ್ರ. ಅಲ್ಲೂ ಹೋಂವರ್ಕಿಗೆ ಹೆದರುವ ಮಕ್ಕಳಿದ್ದಾರೆ ಎಂಬುದು ಸುದ್ದಿಯಾಗಲಿಲ್ಲ. ಜಗತ್ತು ಕೊಂಡಾಡಿದ ಈ ನಿರ್ದೇಶಕನಿಗೇ 2002ರಲ್ಲಿ ಅಮೆರಿಕದ ವೀಸಾ ಸಿಗದೆ ನ್ಯೂಯಾರ್ಕ್ ಚಿತ್ರೋತ್ಸವ ತಪ್ಪಿತು.

ಬಾಲ್ಯದ ಮುಗ್ಧತೆ ಎಂದು ಇದನ್ನು ಹೊಗಳುವವರ ಜೊತೆ ನಮಗೆ ತಕರಾರಿದೆ. ಅಹ್ಮದ್ ಅಮ್ಮನ ಮಾತು ಮೀರಿದ್ದಾನೆ, ಕೊನೆಗೆ ಮೇಷ್ಟ್ರಿಗೇ ಮೋಸ ಮಾಡುತ್ತಾನೆ. ಗೆಳೆಯನ ಮನೆ ಸಿಗಲಿಲ್ಲ. ರಾತ್ರಿ ಕೂತು ಇಬ್ಬರ ಹೋಂವರ್ಕನ್ನೂ ತಾನೇ ಬರೆದಿದ್ದಾನೆ. ಬೆಳಿಗ್ಗೆ ಮೇಷ್ಟ್ರು ಗೆಳೆಯನ ಪುಟ ತಿರುಗಿಸಿ, ಸರಿ ಎಂದು ಮುಂದೆ ಹೋಗುತ್ತಾರೆ. ದಾರಿ ತೋರಿಸಿದ ಮುದುಕ ಬಡಗಿ ಕೊಟ್ಟ ಹೂವು ಆ ಪುಟಗಳ ನಡುವೆ ಹಾಗೇ ಇದೆ.