ತ್ರಿಜಟೆಯ ಕನಸು

ಅದ್ಭುತ ಕಥೆಗಳಲ್ಲಿ ಬರುವ ಶುಭಸ್ವಪ್ನವು ನೊಂದವರನ್ನು ಸಂತೈಸಲು ಕವಿಯು ಹೂಡುವ ಸುಲಭೋಪಾಯವೆಂದು ಅನೇಕರ ಎಣಿಕೆ. ಮಕ್ಕಳು ಕಥೆ ಬರೆಯುವಾಗಲೂ ಕಷ್ಟ ಬಂದೊಡನೆ “ಅಷ್ಟರಲ್ಲಿ ಎಚ್ಚರವಾಯಿತು” ಎಂದು ಮುಗಿಸಿಬಿಡುವುದುಂಟು. ಕನಸಿನ ಸಾಂತ್ವನವೆಂದರೆ ಇಷ್ಟೆಯೆ?

ಜಟಾಯುವು ಬಿದ್ದ ಸ್ಥಳವೆಂಬ ಐತಿಹ್ಯವುಳ್ಳ ಲೇಪಾಕ್ಷಿಯು ನಮ್ಮ ಚಿಲಮತ್ತೂರಿಗೆ ನೆರೆಯದು. ಸೀತೆಯ ಸೆರೆಯ ಕಥೆ ಇಲ್ಲಿನ ಮಕ್ಕಳಿಗೆ ಮನೆಮಾತು. ಆದುದರಿಂದ ಉದಾಹರಣೆಯನ್ನು ರಾಮಾಯಣದಿಂದಲೇ ಆರಿಸಿಕೊಳ್ಳೋಣ.

ವಾಲ್ಮೀಕಿಯ ಸುಂದರಕಾಂಡದಲ್ಲಿ, ಸೀತೆಯನ್ನು ತಿಂದುಬಿಡುವೆವೆಂದು ರಾಕ್ಷಸಿಯರು ಗದರಿಸುತ್ತಿರುವಾಗ ವೃದ್ಧೆಯಾದ ತ್ರಿಜಟೆಯು ತಾನು ಕಂಡ ಕನಸನ್ನು ಹೇಳುವಳು. ಶುಭ್ರವಸ್ತ್ರಧಾರಿಯಾದ ರಾಮನನ್ನು ಸೀತೆ ಸೇರಿದಳು. ತಲೆ ಬೋಳಿಸಿಕೊಂಡ ರಾವಣನು ಮೈಗೆ ಎಣ್ಣೆ ಬಳಿದು ಕತ್ತೆಯೇರಿ ದಕ್ಷಿಣಕ್ಕೆ ಹೋದನು. ಲಂಕೆಯು ಕಡಲಿಗೆ ಕುಸಿಯಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಕನಸು ಕಂಡವಳು ಸೀತೆಯಲ್ಲ, ಕಾವಲಿನವರಲ್ಲೊಬ್ಬಳು. ಆಕೆ ಅದನ್ನು ಹೇಳುವುದೂ ತನ್ನ ಒಡನಾಡಿಗಳಿಗೆ. ಕ್ರೂರವಚನ ಸಾಕು, ಈಕೆಯ ಕ್ಷಮೆಯನ್ನು ಬೇಡೋಣ ಎಂದು. ಸೀತೆಯ ದುಃಖವಾದರೋ ಅದರಿಂದ ಕೂಡಲೆ ಶಮಿಸದು. ಅನಂತರವೂ ಆಕೆ ಪ್ರಾಣತ್ಯಾಗಕ್ಕೆ ಮನಸ್ಸು ಮಾಡುವಳು. ಶಕುನಗಳು ತೋರಿ, ಹನುಮಂತನು ಬಂದು ಮಾತನಾಡಿದ ಮೇಲೆಯೇ ಆಸೆ ಚಿಗುರುವುದು.

ಹಾಗಾದರೆ ಆ ಕನಸು ವ್ಯರ್ಥವೆ? ಅಲ್ಲ. ಅದು ನೊಂದವಳನ್ನು ಮಲಗಿಸಲಿಲ್ಲ, ನೋಯಿಸುವವರನ್ನು ಎಚ್ಚರಿಸಿತು. ಒಬ್ಬರಿಗೆ ಸಾಂತ್ವನವಾದುದು ಇನ್ನೊಬ್ಬರಿಗೆ ಎಚ್ಚರಿಕೆಯಾದಾಗಲೇ ಅದಕ್ಕೆ ಬೆಲೆ.

1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಕನಸು ರಾವಣನಿಗೇ ಬೀಳುವುದು. ‘ದಶಾನನ ಸ್ವಪ್ನಸಿದ್ಧಿ’ಯಲ್ಲಿ, ತಾನು ಕಾಮಿಸಿದವಳ ಮಡಿಲಲ್ಲಿ ತಾನೇ ಶಿಶುವಾಗಿರುವುದನ್ನು ಅವನು ಕಾಣುವನು. ಕಾಮವು ಮಾತೃಭಕ್ತಿಯಾಗಿ ಮಾರ್ಪಡುವ ಈ ಪರಿ ಅಪೂರ್ವವಾದುದು. ಇದು ಪ್ರಾಣವನ್ನುಳಿಸುವ ಸಾಂತ್ವನವಲ್ಲ. ಮನಸ್ಸು ತಿರುಗಿದರೂ ರಣ ತಪ್ಪದು. ಆದರೂ ಒಂದು ಮಾತು ಹೇಳಲೇಬೇಕು: ಹಿಂಸಿಸಿದವನು ಕನಸಿನಲ್ಲಿ ನೆಮ್ಮದಿ ಕಂಡ ಹೊತ್ತಿನಲ್ಲಿಯೂ ಸೀತೆ ಸೆರೆಯಲ್ಲಿಯೇ ಇರುವಳು. ದರ್ಶನದ ಆಳದಲ್ಲಿ ರಾವಣನ ಕನಸು ಹಿರಿದು. ಸೆರೆಯಲ್ಲಿದ್ದವಳಿಗೆ ಒದಗಿದ ನೆರವಿನಲ್ಲಿ ಮುದುಕಿಯ ಕನಸು ಹಿರಿದು.

ಪಾಠ ಹೇಳುವಾಗ ನಾವು ಈ ಪ್ರಸಂಗಗಳನ್ನು ಮುಂದಿನ ಕಥೆಯ ಸೂಚನೆಗಳೆಂದಷ್ಟೇ ವಿವರಿಸಿ ಸಾಗುತ್ತೇವೆ. ಕನಸು ಫಲಿಸಿತೆ ಎಂದು ಕೇಳಿದರೆ ಸಾಲದು. ಅದನ್ನು ಕಂಡವರು, ಕೇಳಿದವರು ಮರುಗಳಿಗೆಯಲ್ಲಿ ಏನು ಮಾಡಿದರೆಂದು ಮಕ್ಕಳನ್ನು ಕೇಳಬೇಕು. ಕಾವ್ಯದ ವಿಮರ್ಶೆ ಅಲ್ಲಿಂದಲೇ ಆರಂಭವಾಗುವುದು.