ಆರು ಪೈಪುಗಳ ಅಂಕುಡೊಂಕು
ಟಾಟಾ ಲಾರಿಗಳಲ್ಲಿ ಓಡಿದ 5.9 ಲೀಟರಿನ ಕಮಿನ್ಸ್ ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ ಕವರ್ ಬದಲಿಸಬೇಕೆಂದರೆ ಮೊದಲು ಡೀಸೆಲ್ ಪೈಪು ಕಳಚಬೇಕು. ಪಂಪಿನಿಂದ ನಾಜಲ್‌ಗಳಿಗೆ ಹೋಗುವ ಆರು ಉಕ್ಕಿನ ಪೈಪುಗಳು. ಒಂದೊಂದು ಸಿಲಿಂಡರಿಗೂ ದೂರ ಬೇರೆ, ಪೈಪಿನ ಉದ್ದ ಮಾತ್ರ ಒಂದೇ. ಉದ್ದ ಹೆಚ್ಚುಕಮ್ಮಿಯಾದರೆ ಡೀಸೆಲ್ ಸಿಡಿಯುವ ಗಳಿಗೆಯೇ ತಪ್ಪುತ್ತದೆ. ಹತ್ತಿರದ ಪೈಪು ಸುತ್ತು ಬಳಸಿ ಬರುವುದು ಅದಕ್ಕೇ. ಆ ಬಾಗುಗಳ ಚೆಲುವನ್ನು ಎಷ್ಟು ಹೊಗಳಿದರೂ ಸಾಲದು.

ನುರಿತ ಮೆಕ್ಯಾನಿಕ್ ಈ ಪೈಪುಗಳನ್ನು ಮತ್ತೆ ಜೋಡಿಸುವುದನ್ನು ನೋಡಬೇಕು. ಎಲ್ಲ ನಟ್ಟನ್ನೂ ಮೊದಲು ಬೆರಳಿನಲ್ಲೇ ಹಿಡಿಸುತ್ತಾನೆ. ಪೈಪನ್ನು ಎಳೆದು ಬಗ್ಗಿಸಿ ಕೂರಿಸುವುದಿಲ್ಲ. ರಬ್ಬರ್ ಕ್ಲಾಂಪು ಬಿಡುವುದಿಲ್ಲ, ಅದಿಲ್ಲದಿದ್ದರೆ ಅದುರಿ ಅದುರಿ ಪೈಪು ಬಿರುಕು ಬಿಡುತ್ತದೆ. ಆಮೇಲೆ ನಾಜಲ್ ಬಳಿ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆಸಿ ಏರ್ ತೆಗೆಯುತ್ತಾನೆ. ಗುಳ್ಳೆ ನಿಂತು ಬರೀ ಡೀಸೆಲ್ ಚಿಮ್ಮಿದ ಮೇಲೆ ಒಂದೊಂದಾಗಿ ಬಿಗಿಯುತ್ತಾನೆ.